ಹಿಮದ ಹೊಂಡ

ನವೀನ, ಆ ಇಳಿಜಾರಿನ ಹಿಮ ಕುಸಿಯುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಮೊದಲು ಇಳಿಸಿದೆ. ಸ್ಕೀಯನ್ನು ತಪ್ಪು ಕಡೆ ತಿರುಗಿಸಿದ್ದರಿಂದ ಹೀಗಾಯಿತು ಎಂದು ಇಷ್ಟು ವರ್ಷ ನೀನು ನಿನ್ನನ್ನೇ ಬೈದುಕೊಂಡೆ — ನಾನು ಎದುರು ಕೂತು ತಲೆಯಾಡಿಸಿದೆ.

ಕೌಲಾಲಂಪುರದ ಸೆಕೆಯಲ್ಲಿ ಬದುಕುವ ನಾವಿಬ್ಬರು ವರ್ಷಕ್ಕೊಮ್ಮೆ ಜಪಾನಿನ ಬೆಟ್ಟಗಳಿಗೆ ಸ್ಕೀಯಿಂಗ್‌ಗೆ ಹೋಗುತ್ತಿದ್ದೆವು. ಇಳಿಯುವ ಮೊದಲು ಹಿಮದಲ್ಲಿ ಹೊಂಡ ತೋಡಿ, ಅದರ ಗೋಡೆಯಲ್ಲಿ ಒಂದು ಕಂಬ ಕಡಿದು, ಮೇಲೆ ಸಲಿಕೆಯಿಟ್ಟು ತಟ್ಟಬೇಕು — ಮೊದಲು ಮಣಿಕಟ್ಟಿನಿಂದ, ಆಮೇಲೆ ಮೊಣಕೈಯಿಂದ, ಕೊನೆಗೆ ಭುಜದಿಂದ. ಕಂಬ ಬೇಗ ಜಾರಿದರೆ ಹಿಮ ಕುಸಿಯುತ್ತದೆಂದು ಅರ್ಥ, ಆ ಇಳಿಜಾರಿಗೆ ಕಾಲಿಡಬಾರದು. ಮರೆತುಹೋಗದಿರಲೆಂದು ನಮ್ಮ ಬಾಂಗ್ಸಾರ್‌ನ ಮಮಾಕ್ ಹೋಟೆಲಿನಲ್ಲಿ ಐಸ್ ಕಚಾಂಗ್ ಎಂಬ ಸಿಹಿತಿನಿಸಿನ ಹೆರೆದ ಮಂಜುಗಡ್ಡೆಯ ಗುಡ್ಡೆಯನ್ನು ಚಮಚೆಯಿಂದ ತಟ್ಟಿ ನಗುತ್ತಿದ್ದೆವು. ನಮ್ಮದೊಂದು ನಿಯಮವೂ ಇತ್ತು: ಒಬ್ಬ ಬೇಡ ಅಂದರೆ ಇಬ್ಬರೂ ಹಿಂದಿರುಗಬೇಕು, ಯಾಕೆ ಅಂತ ಕೇಳಬಾರದು.

ಹಿಮ ಕುಸಿದ ಹಿಂದಿನ ದಿನ ನಾನು ಬೇಡ ಅಂದಿದ್ದೆ. ನೀನು ಹಿಂದಿರುಗಿದೆ, ನಿಜ. ಆದರೆ ಸಂಜೆ ಮನೆಗೆ ವೀಡಿಯೊ ಕಾಲ್ ಮಾಡಿ ಫೋನನ್ನು ನನ್ನ ಮುಖಕ್ಕೆ ತಿರುಗಿಸಿದೆ.

"ನೋಡ್ರಪ್ಪ, ಪುಕ್ಕಲ. ಇವನಿಗೆ ಐಸ್ ಕಚಾಂಗೇ ಸರಿ ಲಾ."

ನಿನ್ನ ಹೆಂಡತಿ ಶುಭಾ ನಕ್ಕಳು. ಮಗಳು "ಪೂರ್ ಅಂಕಲ್" ಅಂದಳು. ನಾನೂ ನಕ್ಕೆ. ಒಳಗೆ ಉರಿಯುತ್ತಿತ್ತು. ಅಷ್ಟು ಸಣ್ಣ ಮಾತಿಗೆ ಅಷ್ಟೊಂದು ಯಾಕೆ ಅಂತ ಈಗಲೂ... ಬಿಡು, ಉರಿಯಿತು.

ಮರುದಿನ ಪರೀಕ್ಷೆ ನನ್ನ ಪಾಲಿಗೆ ಬಂತು. ನೀನು ಮೇಲೆ ನಿಂತು ಬೂಟಿನ ಪಟ್ಟಿ ಬಿಗಿಯುತ್ತಿದ್ದೆ. ನಾನು ಇಳಿಜಾರಿನ ಅಂಚಿನಲ್ಲಿ ಹೊಂಡ ತೋಡಿ, ಮಣಿಕಟ್ಟಿನಿಂದ ಮೆಲ್ಲಗೆ ತಟ್ಟಿದೆ, ಅಷ್ಟೇ. ಕಂಬದ ಮೇಲ್ಭಾಗ ಮೇಜಿನ ಡ್ರಾಯರ್ ಎಳೆದ ಹಾಗೆ ಸಲೀಸಾಗಿ ಜಾರಿ ನನ್ನ ಮೊಣಕಾಲಿಗೆ ಬಂತು.

"ಹೆಂಗಿದ್ಯೋ?" ಅಂತ ನೀನು ಕೂಗಿದೆ.

"ಗಟ್ಟಿ ಇದೆ. ನೀನೇ ಮೊದ್ಲು ಹೋಗು."

ಸ್ವಲ್ಪ ಹೆದರಲಿ ಅಂತಷ್ಟೇ ಇತ್ತು — ಎಂದು ಬರೆಯಹೊರಟಿದ್ದೆ. ಸುಳ್ಳು. ನೀನು ಬೀಳಬೇಕಿತ್ತು ನನಗೆ.

ನೀನು ಇಳಿದದ್ದೇ ತಡ, ಇಡೀ ಇಳಿಜಾರು ಬಿರುಕು ಬಿಟ್ಟು ನಿನ್ನ ಜೊತೆಗೇ ಹೊರಟಿತು. ಅದು ನಿಂತಾಗ ನೀನು ಎಲ್ಲೂ ಇರಲಿಲ್ಲ. ನಾನೇ ಅಗೆದು ತೆಗೆದೆ, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟೆ. ಅಂದಿನಿಂದ ನಾನು ನಿಮ್ಮ ಮನೆಯವರಿಗೆಲ್ಲ ದೇವರು — ಥೂ, ಬರೆಯಲೂ ಹೇಸಿಗೆಯಾಗುತ್ತದೆ. ಪ್ರತಿ ದೀಪಾವಳಿಗೆ ಮಾಂಟ್ ಕಿಯಾರಾದ ನಿಮ್ಮ ಮನೆಯಲ್ಲಿ ಶುಭಾ ನನಗೇ ಮೊದಲು ಬಡಿಸುತ್ತಾಳೆ. ನಿನ್ನ ಕೈ ನಡುಗುತ್ತದೆಂದು ನಿನಗೆ ಅವಳೇ ತುತ್ತು ಕೊಡುತ್ತಾಳೆ. ಸ್ವಲ್ಪ ಮುಂಚೆ ತೆಗೆದಿದ್ದರೆ ಮಿದುಳಿಗೆ ಪೆಟ್ಟಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದನ್ನು ನಿಮ್ಮಲ್ಲಿ ಯಾರೂ ನನ್ನೆದುರು ಎತ್ತಲಿಲ್ಲ.

ಮೊನ್ನೆ ನೀನು ಒಂದೊಂದೇ ಮಾತು ಎಳೆದು ಹೇಳಿದೆ: "ಮಗಳು... ಈ ಸಲ ಸ್ನೋಗೆ ಹೋಗ್ತಾಳಂತೆ. ಟೆಸ್ಟ್ ಮಾಡೋದು ನೀನೇ ಕಲಿಸೋ. ನಿನ್ ಮೇಲೆ ನಂಬಿಕೆ."

ಅದಕ್ಕೇ ಬರೆದೆ. ನಾಳೆ ನಿಮ್ಮ ಮನೆಗೆ ಬಂದು, ನಿನ್ನೆದುರು, ನಿನ್ನ ಮಗಳೆದುರು ನಾನೇ ಇದನ್ನು ಓದುತ್ತೇನೆ. ಕೊನೆಯ ಮಾತನ್ನೂ ನುಂಗುವುದಿಲ್ಲ.

ನೀನು ಹಿಮದಡಿ ಉಸಿರಿಲ್ಲದೆ ಬಿದ್ದಿದ್ದಾಗ ನಾನು ಕೂಡಲೇ ಬರಲಿಲ್ಲ. ಮೊದಲು ಆ ಹೊಂಡದ ಗೋಡೆಯನ್ನು ಒದ್ದು ಕೆಡವಿದೆ. ಹಿಮ ತುಂಬಿ ಮುಚ್ಚಿದೆ. ಯಾರಿಗೂ ಗುರುತು ಸಿಗದ ಹಾಗೆ ಸಮ ಮಾಡಿದೆ. ಆಮೇಲೆ ಅದೇ ಸಲಿಕೆ ಹಿಡಿದು ನಿನ್ನನ್ನು ಹುಡುಕಲು ಇಳಿದೆ.