ಕೊರಳು ತಡಕಿದರು, ಬಾಯಿ ಮೂಸಿದರು

ಗೆಳೆಯರೇ, ನಲವತ್ತು ದಾಟಿದ ಈ ನೇಕಾರ ಇವತ್ತು ಬೆಳಿಗ್ಗೆ ಕೃಷ್ಣಾ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತ ಸಭೆ ಸೇರಿದ. ನೀರಿಗಿಳಿಯುವ ಮೊದಲು ಸಭೆಯ ಹಿರಿಯರು ನನ್ನ ಅಂಗಿಯ ಕಾಲರ್ ಸರಿಸಿ ಕೊರಳು ತಡಕಿದರು.

"ತಾಯತ ಗೀಯತ ಏನರ ಉಳಿಸ್ಕೊಂಡೀಯೇನಪಾ?"

"ಇಲ್ರಿ."

"ಖರೆ ಹೇಳು. ಹೋದ ಸಲ ಒಬ್ಬಾಂವ ಉಡದಾರದಾಗ ಕಟಗೊಂಡಿದ್ದ" ಎನ್ನುತ್ತ ಸೊಂಟವನ್ನೂ ಮುಟ್ಟಿ ನೋಡಿದರು.

ಸಂಜೆ ಬನಹಟ್ಟಿಯ ಮನೆಗೆ ಬಂದರೆ ಹೊಸ್ತಿಲಲ್ಲಿ ಅವ್ವ ಅಡ್ಡ ನಿಂತಿದ್ದಳು. ಸಭೆಯವರು ಏನೇನೋ ತಿನ್ನಿಸಿ ಕಳಿಸುತ್ತಾರೆಂದು ಓಣಿಯವರು ಅವಳ ಕಿವಿ ತುಂಬಿದ್ದರು.

"ಬಾಯಿ ತೆರಿ" ಎಂದಳು. ತೆರೆದೆ. ಮೂಸಿ ಮುಖ ಸಿಂಡರಿಸಿದಳು.

"ಏನೋ ವಾಸನಿ ಬರಾಕತ್ತೈತಿ."

"ಮುಂಜಾನೆ ನೀನ ಕಟ್ಟಿಕೊಟ್ಟ ಬುತ್ತ್ಯಾಗಿನ ಉಳ್ಳಾಗಡ್ಡಿ ಬೇ. ನಾ ಮೊದಲಿನ ಮಗಾನ ಅದೀನಿ, ಏನೂ ಬದಲಾಗಿಲ್ಲ."

"ರಾಜರ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದಾಗೂ ಎಲ್ಲಾರೂ ಏನೂ ಬದಲಾಗಿಲ್ಲಂತ ಹಿಂಗ ಅಂದಿದ್ರು" ಎಂದು ಗೊಣಗುತ್ತ ಅರ್ಧ ಬಾಗಿಲನ್ನಷ್ಟೇ ತೆರೆದಳು.

ಇವತ್ತು ಯಾವ ತಪಾಸಣೆಯೂ ಇಲ್ಲದೆ ನನ್ನನ್ನು ಒಳಗೆ ಬಿಟ್ಟುಕೊಂಡದ್ದು ಹೊಳೆಯೊಂದೇ.