ರಜೆಯ ಜೋಳ

ಗೆಳೆಯರೇ, ನನ್ನ ಸಂಬಳ ನ್ಯಾಯವೋ ಅನ್ಯಾಯವೋ ಎಂಬುದು ಇವತ್ತು ಗೌಡರ ಕೊಟ್ಟಿಗೆಯಲ್ಲಿ ತೀರ್ಮಾನವಾಯಿತು.

ನಿಜಾಮರ ಸರ್ಕಾರಿ ಶಾಲೆಯಲ್ಲಿ ಕಲಿಸುವುದು ಉರ್ದು. ಮಕ್ಕಳಿಗೆ ಕನ್ನಡವೂ ಬರಲಿ ಎಂದು ಸೇಡಂ ಹತ್ತಿರದ ಈ ಊರಿನವರು ನನ್ನನ್ನು ಇಟ್ಟುಕೊಂಡಿದ್ದಾರೆ. ಪಾಠ ಗುಡಿಯ ಕಟ್ಟೆಯ ಮೇಲೆ. ಸಂಬಳ ಜೋಳದಲ್ಲಿ, ಅದನ್ನು ತಿಂಗಳಿಗೊಮ್ಮೆ ಅಳೆದು ಕೊಡುವವರು ಗೌಡರು. ಈಗ ಸುಗ್ಗಿ. ಮಕ್ಕಳು ಹೊಲಕ್ಕೆ ಬೇಕೆಂದು ನನ್ನ ಕಟ್ಟೆಯ ಶಾಲೆಗೆ ರಜೆ ಕೊಟ್ಟವರೂ ಗೌಡರೇ.

ಬೆಳಿಗ್ಗೆ ಚೀಲ ಹಿಡಿದು ಹೋದೆ. ಅವರು ಎತ್ತಿಗೆ ಜೋಳದ ಕಣಿಕೆ ಹಾಕುತ್ತಿದ್ದರು.

“ಬರ್ರಿ ಮಾಸ್ತರ್, ಕುಂದ್ರಿ. ಸಾಲಿನೇ ಬಂದ್ ಅದ, ಈ ತಿಂಗಳು ಜ್ವಾಳ ಯಾತಕ್ಕ?”

“ಸಾಲಿ ಬಂದ್ ಮಾಡ್ದಂಗ ಹೊಟ್ಟಿ ಬಂದ್ ಮಾಡ್ಲಿಕ್ಕಿ ಬರಂಗಿಲ್ಲಲ್ರಿ ಗೌಡ್ರೆ.”

“ಖರೇ ಅದ. ಆದ್ರ ದುಡೀಲಾರದ ಹ್ಯಾಂಗ್ ಕೊಡಬೇಕು?”

ನನಗೆ ರೇಗಿತು. “ಜಡಿಮಳಿ ಹಿಡದಾಗ ಎತ್ತು ಹೊಲದಾಗ ಗಳೆ ಹೊಡಿಯಂಗಿಲ್ಲ. ಆವಾಗ ಮೇವು ನಿಲ್ಲಸ್ತೀರೇನ್ರಿ?”

ಗೌಡರು ಕಣಿಕೆ ಕೈಯಲ್ಲೇ ಹಿಡಿದು ನಿಜಕ್ಕೂ ಯೋಚಿಸಿದರು. ಗೆದ್ದೆ ಎಂದುಕೊಂಡೆ.

“ಎತ್ತು ಸೊರಗಿದ್ರ ಮತ್ತೊಂದು ತರ್ಲಿಕ್ಕಿ ಭಾಳ ಖರ್ಚ್ ಬರ್ತದರಿ, ಮಾಸ್ತರ್,” ಎಂದರು.

ಚೀಲ ಮಡಚಿ ಎದ್ದೆ. “ಹ್ಯಾಂಗೂ ಖಾಲಿ ಇದ್ದೀರಿ, ಎತ್ತಿಗಿ ಹಳ್ಳದಾಗ ನೀರ್ ಕುಡಿಸ್ಕೊಂಡು ಬರ್ರಿ,” ಎಂದು ಗೌಡರು ಹಗ್ಗ ಕೈಗಿತ್ತರು.

ಕುಡಿಸಿಕೊಂಡು ಬಂದೆ. ರಜೆಯಲ್ಲೂ ಸಂಬಳ ನಿಲ್ಲದ ನೌಕರ ಈ ಊರಿನಲ್ಲಿ ಅದೊಂದೇ. ಮರ್ಯಾದೆಗೆ, ದಾರಿಯುದ್ದಕ್ಕೂ ಅದರ ಹಿಂದೆಯೇ ನಡೆದೆ.