ಸ್ಯಾಂಕ್ಷನ್ನೂ ಒಂದು ಲೋಟ ನೀರೂ

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್‌ಮನೆಗಳಲ್ಲಿ ನಮ್ಮ ಪಕ್ಕದ ಮನೆಯವರು ಗಣಿ ಆಫೀಸಿನ ಜವಾನರಾಗಿದ್ದರು. ಕಾರ್ಮಿಕರ ಮನೆಗಳಿಗೆ ಕಾಗದ ಮುಟ್ಟಿಸುವುದು ಅವರ ಕೆಲಸ. ಮದುವೆಗೆ ರಜೆ ಸಿಕ್ಕಿರಲಿ, ತಪ್ಪಿಗೆ ಹದಿನೈದು ದಿನ ಕೆಲಸದಿಂದ ನಿಲ್ಲಿಸಿರಲಿ, ಬಾಗಿಲಲ್ಲಿ ನಿಂತು ಅವರು ಹೇಳುತ್ತಿದ್ದುದು ಒಂದೇ ಮಾತು: "ಸ್ಯಾಂಕ್ಷನ್ ಆಯ್ತು ಕಣಮ್ಮ." ಸಾಹೇಬರ ಸಹಿ ಬಿದ್ದದ್ದೆಲ್ಲ ಅವರಿಗೆ ಸ್ಯಾಂಕ್ಷನ್ನೇ. "ಈಯಪ್ಪನ ಬಾಯಲ್ಲಿ ಬೇರೆ ಮಾತೇ ಇಲ್ವಾ" ಎಂದು ನಮ್ಮಮ್ಮ ಗೊಣಗುತ್ತಿದ್ದಳು.

ಓದು ಬಾರದ ಹೆಂಗಸರು ಮೊದಲು ಒಂದು ಲೋಟ ನೀರು ತಂದು ಅವರ ಮುಂದೆ ಹಿಡಿಯುತ್ತಿದ್ದರು. ಕುಡಿದರೆ ರಜೆ. ಶಿಕ್ಷೆ ತಂದ ಮನೆಯಲ್ಲಿ ಅವರು ನೀರು ಮುಟ್ಟುತ್ತಿರಲಿಲ್ಲ. ಲೋಟದ ಕಡೆ ನೋಡದೆ ಟೋಪಿ ಸರಿಮಾಡಿಕೊಂಡು, "ಬತ್ತೀನಮ್ಮ" ಎಂದು ಹೊರಟುಬಿಡುತ್ತಿದ್ದರು.

ಒಮ್ಮೆ ಶಿಕ್ಷೆಯ ಕಾಗದ ಹಿಡಿದು ಹೋದರೆ, ಆ ಮನೆಯಲ್ಲಿ ಮದುವಣಗಿತ್ತಿಗೆ ಅರಿಶಿನ ಹಚ್ಚುತ್ತಿದ್ದರು. ಹುಡುಗಿಯ ತಾಯಿ ನೀರು ತಂದು ಅವರ ಮುಖವನ್ನೇ ನೋಡುತ್ತಾ ನಿಂತಳು. ಅವರು ಕಾಗದವನ್ನು ಜೇಬಿಗೆ ಸೇರಿಸಿ, ನೀರನ್ನು ಪೂರ್ತಿ ಕುಡಿದು, "ಸುಮ್ನೆ ಬಂದಿದ್ದೆ ಕಣಮ್ಮ" ಎಂದು ಹಿಂದಿರುಗಿದರು. ಮದುವೆ ಮುಗಿದ ಮೇಲೆಯೇ ಅದನ್ನು ಕೊಟ್ಟರು. ತಡವಾದದ್ದು ಆಫೀಸಿಗೆ ತಿಳಿಯಿತು.

ಮರುವಾರ ಸಂಜೆ ಅವರು ಕೈಯಲ್ಲೊಂದು ಕಾಗದ ಹಿಡಿದು ತಮ್ಮದೇ ಮನೆಯ ಬಾಗಿಲಲ್ಲಿ, ಹೊರಗೇ ನಿಂತಿದ್ದರು.

"ಸ್ಯಾಂಕ್ಷನ್ ಆಯ್ತು ಕಣೇ" ಎಂದರು ಹೆಂಡತಿಗೆ.

ಆಕೆ ಏನೂ ಕೇಳದೆ ನೀರು ತಂದರು. "ನಿಮ್ ಮನೇನೇ ಕಣ್ರೀ ಇದು, ಕುಡೀರಿ."

ಅವರು ಲೋಟದ ಕಡೆ ನೋಡದೆ ಟೋಪಿ ಸರಿಮಾಡಿಕೊಂಡರು.